ಬೋರ್ಡು ಒರೆಸುವ ಹೊತ್ತು

ಮಾನ್ವಿಯ ಬಜಾರದಲ್ಲಿ ನನ್ನದೊಂದು ಬಟ್ಟೆ ಅಂಗಡಿ. ಶುಕ್ರವಾರ ಜುಮ್ಮಾ ನಮಾಜಿಗೆಂದು ಶಟರ್ ಎಳೆದರೆ ಮತ್ತೆ ಎತ್ತುವುದು ಸಂಜೆ ಐದಕ್ಕೆ. ಮಗಳ ಮದುವೆಯ ಜವಳಿ ತೆಗೆಯಲು ದೊಡ್ಡ ಗಿರಾಕಿ ಬಂದರೂ ಅಷ್ಟೇ. ಯಾರಾದರೂ ತೀರಿಕೊಂಡು ಕಫನ್ ಬಟ್ಟೆ ಬೇಕೆಂದು ಬಂದರೆ ಮಾತ್ರ ಹಿಂದಿನ ಬಾಗಿಲು ತೆರೆಯುತ್ತೇನೆ. ಉಳಿದವರು ಕಾಯುತ್ತಾರೆ, ಇಲ್ಲವೇ ಎದುರಿನ ಅಂಗಡಿಗೆ ಹೋಗುತ್ತಾರೆ. ಹೋಗಲಿ. ವಾರದಲ್ಲಿ ಆರು ದಿನ ನಾನು ಬೇರೆಯವರ ಮೈಗೆ ಬಟ್ಟೆ ಅಳೆಯುತ್ತೇನೆ. ಆ ಮೂರು ತಾಸು ನನ್ನವು, ಕೇರಂ ಆಟಕ್ಕೆ ಬರೆದಿಟ್ಟವು.

ಅಂಗಡಿಯ ಹಿಂದೆ ಥಾನು ಎಂಬ ಬಟ್ಟೆ ಸುರುಳಿಗಳನ್ನು ಒಟ್ಟುವ ಕೋಣೆಯೊಂದಿದೆ. ಅಲ್ಲಿ ನಾವು ನಾಲ್ವರು ಸೇರುತ್ತೇವೆ. ನನ್ನ ಜೋಡಿ ಒಬ್ಬ ನಿವೃತ್ತ ಮಾಸ್ತರರು. ದೇವದುರ್ಗದ ಕುರಿ ಸಾಕುವ ಮನೆತನದವರು, ಮಾನ್ವಿಯ ಶಾಲೆಯಲ್ಲಿ ಬಹಳ ವರ್ಷ ಗಣಿತ ಕಲಿಸಿ, ಪಿಂಚಣಿ ಬಂದ ಮೇಲೆ ತಮ್ಮೂರಿಗೆ ಹೋದವರು. ಊರು ಸೇರಿದರೂ ಶುಕ್ರವಾರ ಬಸ್ಸು ಹಿಡಿದು ಬರುವುದನ್ನು ಬಿಟ್ಟಿಲ್ಲ. ನನಗಿಂತ ಆರು ವರ್ಷ ದೊಡ್ಡವರು. ಎದುರಾಳಿ ಜೋಡಿಯಲ್ಲಿ ಒಬ್ಬ ಪಂಪ್‌ಸೆಟ್ಟಿನ ಮೋಟಾರಿಗೆ ತಂತಿ ಸುತ್ತುವವನು. ತೆಳ್ಳಗಿನ ತಾಮ್ರದ ತಂತಿಯ ಜೊತೆ ದಿನವೆಲ್ಲ ಕಳೆದು ಅವನ ಬೆರಳುಗಳು ಎಷ್ಟು ಪಳಗಿವೆಯೆಂದರೆ ನೇರ ಕಾಯಿಯೊಂದನ್ನು ಅವನು ತಪ್ಪಿಸಿದ್ದನ್ನು ನಾನು ಕಂಡಿರಲಿಲ್ಲ. ಇನ್ನೊಬ್ಬ ಪೋತ್ನಾಳದ ಬಸ್ ಕಂಡಕ್ಟರ್. ಮೇಲಿನವರ ಕೈಕಾಲು ಹಿಡಿದು ವಾರದ ರಜೆಯನ್ನು ಶುಕ್ರವಾರಕ್ಕೇ ಹಾಕಿಸಿಕೊಂಡ ಭೂಪ.

ಮೂವರೂ ಬರುವುದಕ್ಕೆ ಕಾಲು ತಾಸು ಮುಂಚೆ ನಾನು ಕೋಣೆಯಲ್ಲಿರಬೇಕು. ಆ ಕಾಲು ತಾಸಿನಲ್ಲಿ ಯಾರೂ ಬರಕೂಡದು, ಫೋನೂ ಮಾಡಕೂಡದು. ಗೋಡೆಗೆ ತೂಗುಹಾಕಿದ ಬೋರ್ಡನ್ನು ಇಳಿಸಿ ಹಿತ್ತಲಿನ ಬಿಸಿಲಿಗೆ ಓರೆಯಾಗಿ ನಿಲ್ಲಿಸುತ್ತೇನೆ. ಕಾಲುವೆಗೆ ನೀರು ಬಿಟ್ಟ ಮೇಲೆ ನಮ್ಮೂರಿನ ಸುತ್ತಲಿನ ಭತ್ತದ ಗದ್ದೆಗಳೆಲ್ಲ ತುಂಬಿ ಗಾಳಿಯಲ್ಲೇ ತೇವ ನಿಲ್ಲುತ್ತದೆ, ಹಲಗೆ ಅದನ್ನು ಕುಡಿದು ಮಂದವಾಗುತ್ತದೆ. ಅಂಗೈ ಇಟ್ಟರೆ ಬೆಚ್ಚಗೆನಿಸುವವರೆಗೆ ಬಿಸಿಲಲ್ಲಿಟ್ಟು ಒಳಗೆ ತಂದು, ಖಾಲಿ ಎಣ್ಣೆ ಡ್ರಮ್ಮಿನ ಮೇಲೆ ಕೂರಿಸಿ, ನಡುವೆ ಒಂದು ಗೋಲಿ ಬಿಡುತ್ತೇನೆ. ಗೋಲಿ ಯಾವ ಕಡೆ ಉರುಳುತ್ತದೋ ಆ ಕಡೆ ಹಳೆಯ ಲಗ್ನಪತ್ರಿಕೆಯ ತುಂಡೊಂದನ್ನು ಮಡಚಿ ಕೆಳಗೆ ಕೊಡುತ್ತೇನೆ. ಗೋಲಿ ಬಿಟ್ಟಲ್ಲೇ ನಿಂತರೆ ಆಯಿತು. ಆಮೇಲೆ ಮಲ್‌ಮಲ್ ಬಟ್ಟೆ. ಪ್ರತಿ ವಾರ ಹೊಸದು, ಥಾನಿನಿಂದ ಒಂದು ಗೇಣು ಹರಿದದ್ದು. ಒಂದೇ ದಿಕ್ಕಿಗೆ ಒರೆಸಬೇಕು, ಹಿಂದಕ್ಕೂ ಮುಂದಕ್ಕೂ ಉಜ್ಜಿದರೆ ಹಳೆಯ ಪೌಡರು ಮೂಲೆಗೆ ಸೇರಿ ಕೂಡುತ್ತದೆ. ಬೋರಿಕ್ ಪೌಡರನ್ನು ಸಣ್ಣ ಬಟ್ಟೆಯ ಗಂಟಿನಲ್ಲಿ ಕಟ್ಟಿಟ್ಟಿದ್ದೇನೆ. ಅದನ್ನು ಬೋರ್ಡಿನ ಮೇಲೆ ತಟ್ಟುತ್ತಾ ಹೋಗುತ್ತೇನೆ, ಎಲ್ಲೂ ಹೆಚ್ಚಿಲ್ಲದಂತೆ, ಎಲ್ಲೂ ಕಡಿಮೆಯಿಲ್ಲದಂತೆ. ನಂತರ ಕಾಯಿಗಳನ್ನು ನಡುವೆ ಜೋಡಿಸಿ, ಸಾಬೂನಿನಿಂದ ಕೈ ತೊಳೆದು ಒರೆಸಿಕೊಂಡು ಕೂಡುತ್ತೇನೆ.

ಇದನ್ನು ಕಲಿತದ್ದು ರಾಯಚೂರಿನಲ್ಲಿ. ಮದುವೆಗೆ ಮುಂಚೆ ತೀನ್ ಕಂದೀಲ್ ವೃತ್ತದ ಹತ್ತಿರ ಒಂದು ಬಟ್ಟೆ ಅಂಗಡಿಯಲ್ಲಿ ಸೇಲ್ಸ್‌ಮನ್ ಆಗಿದ್ದೆ. ಹಿಂದಿನ ಗಲ್ಲಿಯಲ್ಲಿ ಒಂದು ಕೇರಂ ಕ್ಲಬ್ಬು. ಅದರ ಮುದುಕ ಮಾಲೀಕ, ಬೋರ್ಡು ಒರೆಸದವನಿಗೆ ಸ್ಟ್ರೈಕರ್ ಕೊಡುತ್ತಿರಲಿಲ್ಲ. ಆಗ ಅದು ಶಿಕ್ಷೆಯೆಂದು ತಿಳಿದಿದ್ದೆ. ನನ್ನದೇ ಅಂಗಡಿ, ನನ್ನದೇ ತಲೆನೋವು ಶುರುವಾದ ಮೇಲೆ ಅದರ ಗುಣ ಗೊತ್ತಾಯಿತು. ಹದಿನೆಂಟು ಸೀರೆ ಬಿಚ್ಚಿಸಿ ಒಂದನ್ನೂ ಕೊಳ್ಳದೆ ಹೋದ ಹೆಂಗಸು, ಬಣ್ಣ ಬಿಟ್ಟಿತೆಂದು ಅಂಗಡಿಯ ಮುಂದೆ ಜಗಳಕ್ಕೆ ನಿಂತವನು, ಮನೆಯಲ್ಲಿ ಹೆಂಡತಿಗೂ ಸೊಸೆಗೂ ಗ್ಯಾಸ್ ಒಲೆಯ ವಿಷಯಕ್ಕೆ ಬಂದ ಮನಸ್ತಾಪ, ಎಲ್ಲವೂ ಗೋಲಿ ನಿಲ್ಲುವ ಹೊತ್ತಿಗೆ ನನ್ನನ್ನು ಬಿಟ್ಟು ಹೋಗಿರುತ್ತಿದ್ದವು. ಮೊದಲನೆಯ ಏಟಿಗೆ ಮುಂಚೆಯೇ ನನಗೆ ಅರ್ಧ ಆಟದ ಸುಖ ಸಿಕ್ಕಿರುತ್ತಿತ್ತು. ಸುಳ್ಳೇಕೆ, ಕೆಲವೊಮ್ಮೆ ಮುಕ್ಕಾಲು.

ಹೋದ ವರ್ಷ ಬೇಸಿಗೆಯ ಒಂದು ಬೆಳಿಗ್ಗೆ ಚಹಾ ಕುಡಿಯುವಾಗ ಕೈಯಲ್ಲಿನ ಕಪ್ಪು ಕೆಳಗಿನ ಬಶಿಗೆ ತಾಗಿ ಕಟಕಟ ಅನ್ನತೊಡಗಿತು. ಬಲಗೈ ಅಲುಗುತ್ತಿತ್ತು. ಹೆಂಡತಿ ನಮ್ಮ ಮನೆಯ ದಖನಿ ಉರ್ದುವಿನಲ್ಲಿ, “ಹಾತ್ ಕೈಕು ಹಲ್ರಾ ಜೀ?” ಎಂದು ಕೇಳಿದಳು, ಕೈ ಯಾಕೆ ಅಲುಗುತ್ತಿದೆ ಎಂದು. ನಾನು ಕಪ್ಪನ್ನು ಕೆಳಗಿಟ್ಟು, ರಾತ್ರಿ ಕೈ ಮೈಯಡಿ ಸಿಕ್ಕು ಜೋಮು ಹಿಡಿದಿತ್ತು ಎಂದೆ. ಒಂದು ತಿಂಗಳು ಜೋಮಿನ ಕಥೆ ನಡೆಯಿತು. ಅಂಗಡಿಯಲ್ಲಿ ಬಟ್ಟೆ ಅಳೆದು ಕತ್ತರಿ ಹಾಕುವಾಗ ಅಷ್ಟು ಗೊತ್ತಾಗುತ್ತಿರಲಿಲ್ಲ. ಸಹಿ ಮಾಡುವಾಗ, ಲೋಟ ಹಿಡಿದಾಗ, ಎಲ್ಲಕ್ಕಿಂತ ಹೆಚ್ಚಾಗಿ ಬೋರ್ಡಿನ ಮೇಲೆ ಸ್ಟ್ರೈಕರ್ ಹಿಂದೆ ಬೆರಳು ಇಟ್ಟಾಗ, ನಡುಕ ಬರುತ್ತಿತ್ತು. ಬೆರಳು ತಾನೇ ಮುಂದಾಗಿ ಸ್ಟ್ರೈಕರನ್ನು ತಟ್ಟಿಬಿಡುತ್ತಿತ್ತು. ಮೂವತ್ತು ವರ್ಷದಿಂದ ನಾನು ಹೇಳಿದ್ದನ್ನು ಕೇಳಿದ ಬೆರಳು ಅದು.

ರಾಯಚೂರಿನಲ್ಲಿ ನರಗಳ ಡಾಕ್ಟರಿಗೆ ತೋರಿಸಿದೆ. ಕಾಗದ ಕೊಟ್ಟು ಒಂದು ಸುರುಳಿ ಬರೆಯಿರಿ ಎಂದರು. ಎಡಗೈಯಲ್ಲಿ ಬರೆದದ್ದು ಸುರುಳಿಯಂತೆ ಬಂತು, ಬಲಗೈಯಲ್ಲಿ ಬರೆದದ್ದು ಜಿಲೇಬಿಯಾಯಿತು.

“ನಿಮ್ಮ ಮನ್ಯಾಗ ಯಾರಿಗರ ಇತ್ತೇನ್ರಿ?” ಎಂದು ಕೇಳಿದರು.

ನಮ್ಮ ಅಬ್ಬಾ ಕೊನೆಗಾಲದಲ್ಲಿ ತಸ್‌ಬೀಹ್ ಜಪಮಾಲೆ ಹಿಡಿದಾಗ ಮಣಿಗಳು ಸದ್ದು ಮಾಡುತ್ತಿದ್ದದ್ದು ನೆನಪಾಯಿತು. ಭಕ್ತಿ ಎಂದು ನಾವೆಲ್ಲ ತಿಳಿದಿದ್ದೆವು.

“ಜೀವಕ್ಕ ಏನೂ ಧಕ್ಕಿ ಇಲ್ಲರಿ. ಗುಳಿಗಿ ಕೊಡ್ತೀನಿ, ಸ್ವಲ್ಪ ಕಡಿಮಿ ಆಗ್ತದ, ಪೂರಾ ಹೋಗಂಗಿಲ್ಲ. ಮಂದಿ ನೋಡಾಕತ್ತರ ಹೆಚ್ಚಾಗ್ತದ. ಮನಸ್ಸು ತಣ್ಣಗ ಇಟ್ಕೋರಿ.”

“ಕೇರಂ ಆಡಬಹುದೇನ್ರಿ?”

ಡಾಕ್ಟರು ನಕ್ಕರು. “ಆಡ್ರಿ, ಆಡ್ರಿ. ಆಟ ತಾನೆ, ಗೆದ್ರೇನು ಸೋತ್ರೇನು.”

ಒಳ್ಳೆಯ ಮನುಷ್ಯ, ಆದರೆ ಆ ಮಾತಿಗೆ ನನಗೆ ಸಿಟ್ಟು ಬಂತು. ಗೆದ್ದರೇನು ಸೋತರೇನು ಎನ್ನುವವನು ಆಡುವುದಿಲ್ಲ, ಹೊತ್ತು ಕಳೆಯುತ್ತಾನೆ. ಮಾನ್ವಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಡಾಕ್ಟರು ಹೇಳಿದ ಇನ್ನೊಂದು ಮಾತನ್ನು ಹಿಡಿದುಕೊಂಡೆ. ಮನಸ್ಸು ತಣ್ಣಗಿದ್ದರೆ ನಡುಕ ಕಡಿಮೆ. ಮನಸ್ಸು ತಣ್ಣಗೆ ಮಾಡುವ ವಿದ್ಯೆ ನನ್ನ ಬಳಿ ಇದೆಯಲ್ಲ. ಬೋರ್ಡು ಒರೆಸುವಾಗ ನನ್ನ ಕೈ ಎಂದೂ ನಡುಗಿದ್ದಿಲ್ಲ, ಅದನ್ನು ಗಮನಿಸಿದ್ದೆ. ಹಾಗಾದರೆ ಇನ್ನಷ್ಟು ಒರೆಸಿದರಾಯಿತು. ಊರು ಮುಟ್ಟುವ ಹೊತ್ತಿಗೆ ನನ್ನ ಲೆಕ್ಕಾಚಾರವೆಲ್ಲ ಮುಗಿದಿತ್ತು. ಕೇರಂ ಬಿಡುವುದಿಲ್ಲ ಎಂದು ಗಟ್ಟಿ ಮಾಡಿಕೊಂಡೆ.

ಆ ಲೆಕ್ಕಾಚಾರದ ತಪ್ಪು ನನಗೆ ತಿಳಿಯಲು ಏಳು ತಿಂಗಳು ಬೇಕಾಯಿತು.

ಕಾಲು ತಾಸು ಅರ್ಧ ತಾಸಾಯಿತು, ಅರ್ಧ ತಾಸು ಬೆಳೆಯುತ್ತಾ ಒಂದೂವರೆಗೆ ಬಂತು. ಪೌಡರನ್ನು ಮೂರು ಸಲ ಜರಡಿ ಹಿಡಿಯತೊಡಗಿದೆ. ಕಾಯಿಗಳನ್ನು ಅಂಟುವಾಳದ ನೀರಿನಲ್ಲಿ ತೊಳೆದು ಬಟ್ಟೆಯ ಮೇಲೆ ಹರವಿದೆ. ಒಂದೊಂದು ಕಾಯಿಯೂ ಒಂದೊಂದು ತೂಕವಿದೆಯೇನೋ ಎಂಬ ಅನುಮಾನ ಬಂದು, ಅವನ್ನೆಲ್ಲ ಪರಿಚಯದ ಅಕ್ಕಸಾಲಿಗನ ಬಳಿ ಒಯ್ದು ಬಂಗಾರ ತೂಗುವ ತಕ್ಕಡಿಯಲ್ಲಿ ತೂಗಿಸಿದೆ. ಅವನು ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ಬಿಸಿನೀರಿನಲ್ಲಿ ಕೈ ಇಡುವುದು, ಬೆರಳುಗಳಿಗೆ ಕೊಬ್ಬರಿ ಎಣ್ಣೆ ತಿಕ್ಕಿ ಮತ್ತೆ ಸಾಬೂನು ಹಾಕಿ ಎಣ್ಣೆ ತೆಗೆಯುವುದು, ಕಿಟಕಿಯ ಪರದೆ ಸರಿಸುವುದು, ಮತ್ತೆ ಮುಚ್ಚುವುದು. ಮೂವರೂ ಬಂದು ಥಾನುಗಳ ಮೇಲೆ ಕುಳಿತು ನನ್ನನ್ನು ನೋಡುತ್ತಿದ್ದರು. ಒಮ್ಮೆ ಕಂಡಕ್ಟರ್ ಮೆಲ್ಲಗೆ, “ಸೇಠರ, ಬಸ್ಸಾಗಿದ್ರ ಇಷ್ಟೊತ್ತಿಗೆ ಸಿಂಧನೂರು ಮುಟ್ಟಿರ್ತಿತ್ತು ನೋಡ್ರಿ” ಎಂದ. ನಾನು ಕೇಳಿಸದವನಂತೆ ಗೋಲಿ ಬಿಟ್ಟೆ. ಮೂರು ಗೇಮ್ ಆಡುತ್ತಿದ್ದವರು ಎರಡಕ್ಕೆ ಇಳಿದೆವು, ಎರಡರಿಂದ ಒಂದಕ್ಕೆ.

ಆದರೆ ಗೆಲ್ಲುತ್ತಿದ್ದೆವು. ಅದೇ ನನ್ನ ಕಣ್ಣು ಕಟ್ಟಿದ್ದು. ಮೊದಲ ಒಂದೆರಡು ವಾರ ಹೀನಾಯವಾಗಿ ಸೋತ ಮೇಲೆ, ಮಾಸ್ತರರೂ ನಾನೂ ಗೆಲ್ಲತೊಡಗಿದೆವು. ನನ್ನ ಏಟು ಹತ್ತರಲ್ಲಿ ಎಂಟು ಹಾಳಾಗುತ್ತಿದ್ದವು, ಆದರೂ ಕೊನೆಗೆ ಗೆಲುವು ನಮ್ಮದೇ. ಮಾಸ್ತರರ ಕೈ ಅಷ್ಟು ಚೆನ್ನಾಗಿದೆ ಎಂದುಕೊಂಡೆ. ನನ್ನ ಸಿದ್ಧತೆ ಫಲ ಕೊಡುತ್ತಿದೆ ಎಂದುಕೊಂಡೆ. ಮನೆಯಲ್ಲಿ ಹೆಂಡತಿಗೆ, ನಡುಕವನ್ನು ಗೆದ್ದೆ ಎಂಬಂತೆ ಜಂಬದಿಂದ ಹೇಳುತ್ತಿದ್ದೆ. ಅವಳು ನನ್ನ ಚಹಾವನ್ನು ಕಪ್ಪಿನ ಬದಲು ದೊಡ್ಡ ಲೋಟದಲ್ಲಿ ಅರ್ಧದಷ್ಟೇ ತುಂಬಿ ಕೊಡುತ್ತಿದ್ದಳು.

ಚಳಿ ಕಳೆದು ಬಿಸಿಲು ಏರುತ್ತಿದ್ದ ಒಂದು ಶುಕ್ರವಾರ. ಗೇಮಿನ ಕೊನೆಯ ಬೋರ್ಡು, ಅಂದರೆ ಕೊನೆಯ ಸುತ್ತು. ಮೋಟಾರು ಸುತ್ತುವವನ ಒಂದೇ ಒಂದು ಕರಿಕಾಯಿ ಉಳಿದಿತ್ತು, ಅದೂ ತೂತಿನ ಬಾಯಲ್ಲೇ, ಉಫ್ ಎಂದು ಊದಿದರೆ ಬೀಳುವ ಹಾಗೆ. ಅವನು ಹೊಡೆದ, ತಪ್ಪಿತು. “ಹೋತ್ ನೋಡ್ರಿ ಚಾಚಾ,” ಎಂದು ತಲೆ ಆಡಿಸಿದ. ಮಾಸ್ತರರು ನಮ್ಮ ಕೊನೆಯ ಬಿಳಿಕಾಯಿ ಹಾಕಿದರು. ಗೆದ್ದೆವು. ಅವರೆಲ್ಲ ಎದ್ದು ಚಹಾಕ್ಕೆಂದು ಹೊರಗೆ ಹೋದರು. ನಾನು ಎಂದಿನಂತೆ ಮಲ್‌ಮಲ್ ಕೈಗೆ ತೆಗೆದುಕೊಂಡು ಬೋರ್ಡಿನ ಮೇಲೆ ಬಾಗಿದೆ.

ಪೌಡರು ಸಮನಾಗಿ ಹರವಿದ ಬೋರ್ಡಿನ ಮೇಲೆ ಸ್ಟ್ರೈಕರ್ ಹೋದ ದಾರಿ ಗೆರೆಯಾಗಿ ಉಳಿಯುತ್ತದೆ. ನಾಲ್ಕು ಏಟು ಬಿದ್ದ ಮೇಲೆ ಗೆರೆಗಳು ಒಂದರ ಮೇಲೊಂದು ಬಂದು ಕಲಸಿಹೋಗುತ್ತವೆ. ಆದರೆ ಕೊನೆಯ ಒಂದೆರಡು ಏಟಿನ ಗೆರೆಗಳು ಎಲ್ಲದರ ಮೇಲೆ ಸ್ಪಷ್ಟವಾಗಿರುತ್ತವೆ. ಮಾಸ್ತರರ ಏಟು ಬೇರೆ ಮೂಲೆಗೆ ಹೋಗಿದ್ದರಿಂದ ಅದಕ್ಕೆ ಮುಂಚಿನ ಗೆರೆಯೂ ಹಾಗೆಯೇ ಉಳಿದಿತ್ತು. ಏಳು ತಿಂಗಳು ಜರಡಿ ಹಿಡಿದ ಪೌಡರು, ಗೆರೆ ಕೂದಲೆಳೆಯಷ್ಟೂ ಕದಡದೆ ಕಾಣುತ್ತಿತ್ತು. ಮೋಟಾರಿನವನ ಸ್ಟ್ರೈಕರ್ ಅವನ ಕಡೆಯಿಂದ ಹೊರಟು, ಕರಿಕಾಯಿಯಿಂದ ಎರಡು ಬೆರಳು ದೂರ, ನೇರವಾಗಿ ಮರದ ಅಂಚಿಗೆ ಹೋಗಿತ್ತು. ಅಲುಗಿದ ಗೆರೆಯಲ್ಲ ಅದು, ಜಾರಿದ ಗೆರೆಯೂ ಅಲ್ಲ. ಗುರಿಯಿಟ್ಟು ತಪ್ಪಿಸಿದ ಗೆರೆ. ಅವನ ಬೆರಳು ಎಷ್ಟು ಸ್ಥಿರವೆಂದರೆ ತಪ್ಪಿಸುವಾಗಲೂ ನೇರವಾಗಿಯೇ ತಪ್ಪಿಸಿದ್ದ.

ನನಗೆ ಮೊದಲು ಬಂದದ್ದು ಸಿಟ್ಟಲ್ಲ, ನಾಚಿಕೆ. ಏಳು ತಿಂಗಳ ಗೆಲುವುಗಳನ್ನೆಲ್ಲ ಒಂದೊಂದಾಗಿ ನೆನೆದೆ. ಕಂಡಕ್ಟರ್ ಕೆಮ್ಮು ಬಂತೆಂದು ತಪ್ಪಿಸಿದ ಕೆಂಪು ಕಾಯಿ ರೆಡ್ಡು, ಮೋಟಾರಿನವನು ಕಣ್ಣಿಗೆ ಧೂಳು ಬಿತ್ತೆಂದು ಬಿಟ್ಟ ಕಾಯಿಗಳು. ಮೂವರಿಗೂ ಗೊತ್ತಿತ್ತು. ನಾನೊಬ್ಬನೇ ಗೆಲ್ಲುತ್ತಿದ್ದೇನೆಂದು ತಿಳಿದು ಬೋರ್ಡು ಒರೆಸುತ್ತಿದ್ದೆ. ಹೊರಗೆ ಅವರು ನಗುತ್ತಾ ಚಹಾ ಕುಡಿಯುವುದು ಕೇಳುತ್ತಿತ್ತು. ಆ ದಿನ ಬೋರ್ಡು ಒರೆಸದೆ ಹಾಗೆಯೇ ಗೋಡೆಗೆ ತೂಗುಹಾಕಿ, ತಲೆನೋವೆಂದು ಹೇಳಿ ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಅಂಗಡಿಯನ್ನು ಮಗನಿಗೆ ಒಪ್ಪಿಸಿ ದೇವದುರ್ಗದ ಬಸ್ಸು ಹತ್ತಿದೆ. ಮಾಸ್ತರರ ಮನೆ ಊರ ಅಂಚಿಗಿದೆ. ಅಂಗಳದಲ್ಲಿ ಎಳೆಯ ಮರಿಗಳನ್ನು ಬುಟ್ಟಿಯಡಿ ಮುಚ್ಚಿಟ್ಟಿದ್ದರು. ನನ್ನನ್ನು ಕಂಡ ಕೂಡಲೆ ಅವರಿಗೆ ಎಲ್ಲ ಗೊತ್ತಾಯಿತೆಂದು ನನಗೆ ಅನಿಸಿತು. ಅವರ ಮನೆಯವರು ಮಜ್ಜಿಗೆ ತಂದರು. ಕೈಗೆ ಕೊಡದೆ, ನನ್ನ ಪಕ್ಕದ ಕಟ್ಟೆಯ ಮೇಲೆ ಇಟ್ಟರು. ಕೈ ನಡುಕದ ಸುದ್ದಿ ಈ ಮನೆಯವರೆಗೂ ಬಂದಿದೆ ಎಂದುಕೊಂಡೆ.

“ಬೇಕಂತ ತಪ್ಪಸ್ರಿ ಅಂತ ನೀವು ಹೇಳಿದ್ರೇನ್ರಿ ಅವರಿಬ್ಬರಿಗಿ?” ಎಂದೆ.

“ನಾನೇ ಹೇಳಿದ್ದೆ.” ಅವರು ಸುಳ್ಳು ಹೇಳಲಿಲ್ಲ. “ನಿನ್ನ ಕೈ ನೋಡಲಾಕ ಆಗಲಿಲ್ಲಪಾ. ಆಟ ಬಿಟ್ಟಗಿಟ್ಟಿ ಅಂತ ಅಂಜಿಕಿ ಬಂತು. ಕಾಲು ನೊಂದ ಕುರಿ ಹಿಂದ ಬಿದ್ರ ನಾವು ಹಿಂಡು ನಿಲ್ಲಸ್ತೀವಿ. ಅದು ಬಂದು ಮುಟ್ಟೂ ಮಟ ಕಾಯ್ತೀವಿ. ಅದರಾಗ ತಪ್ಪೇನದ?”

“ಕುರಿಗಿ ಊರು ಮುಟ್ಟಬೇಕಾಗಿರ್ತದ, ಕಾಯ್ರಿ. ನನಗ ಎಲ್ಲೂ ಮುಟ್ಟೂದಿಲ್ಲ. ನಾ ಆಡಾಕ ಬರ್ತೀನಿ. ನೀವು ಮೂರೂ ಮಂದಿ ಕೂಡಿ ಗೆಲಿಸಿದ್ರ ನಾ ಎಲ್ಲಿ ಆಡಿದಂಗಾತು? ನೀವು ನನ್ನ ಆಡಿಸಾಕತ್ತೀರಿ.”

ಮಾಸ್ತರರು ಎದ್ದು ಹೋಗಿ ಬುಟ್ಟಿಯೊಂದನ್ನು ನೆರಳಿಗೆ ಸರಿಸಿ ಬಂದರು. ಬುಟ್ಟಿಯಡಿ ಮರಿಯೊಂದು ಕೂಗುತ್ತಿತ್ತು. ಆಮೇಲೆ, ನನಗೆ ನೋಯಬಾರದೆಂದು ದನಿ ತಗ್ಗಿಸಿ, ಒಂದೊಂದೇ ಮಾತು ಆರಿಸಿ ಹೇಳಿದರು.

“ನಾ ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ. ನೀನರ ಆಡಾಕ ಬರಾಕತ್ತಿದ್ದೇನು? ಒಂದೂವರಿ ತಾಸು ಒರಸ್ತಿ. ಒರಸೂದು ಮುಗದ್ರ ಹೊಡೀಬೇಕಾಗ್ತದ. ಅದಕ ಮುಗಸವಲ್ಲಿ ಅಂತ ನನಗ ಅನಸ್ತದ.”

ಅವರು ಹೇಳಿದ್ದು ನಿಜ. ಮನೆಯೊಳಗೆ ಹೋಗಲು ಅಂಜುವವನು ಹೊಸ್ತಿಲನ್ನೇ ತೊಳೆಯುತ್ತಾ ಕೂತಂತೆ ನಾನು ಕೂತಿದ್ದೆ. ರಾಯಚೂರಿನ ಮುದುಕ ಕಲಿಸಿದ್ದು ಆಟಕ್ಕೆ ಮುಂಚಿನ ಕೆಲಸ, ಆಟದ ಬದಲಿನ ಕೆಲಸವಲ್ಲ. ಕಾಲು ತಾಸಿನ ಸಿದ್ಧತೆ ನನ್ನನ್ನು ತಣ್ಣಗೆ ಮಾಡುತ್ತಿದ್ದದ್ದು ಅದರ ಆಚೆ ಆಟವಿದೆ ಎಂಬ ನಂಬಿಕೆಯಿಂದ. ಒಂದೂವರೆ ತಾಸಿನ ಸಿದ್ಧತೆಯಲ್ಲಿ ನಾನು ತಣ್ಣಗಾಗುತ್ತಿರಲಿಲ್ಲ, ಬೆವರುತ್ತಿದ್ದೆ. ಅದನ್ನು ಒಪ್ಪಿಕೊಳ್ಳಲು ಆ ಕಟ್ಟೆಯ ಮೇಲೆ ಕುಳಿತು ಒಂದು ಲೋಟ ಮಜ್ಜಿಗೆ ಕುಡಿಯುವಷ್ಟು ಹೊತ್ತು ಬೇಕಾಯಿತು. ಕುಡಿಯುವಾಗ ಮಜ್ಜಿಗೆ ಅಂಗಿಯ ಮೇಲೆ ಚೆಲ್ಲಿತು. ನಾನು ಒರೆಸಿಕೊಳ್ಳಲಿಲ್ಲ.

“ಎರಡು ತಿಂಗಳು ಕೊಡ್ರಿ ನನಗ,” ಎಂದೆ. “ಶುಕ್ರವಾರ ನಾ ಆಡಂಗಿಲ್ಲ, ನೀವೂ ಬರಬ್ಯಾಡ್ರಿ. ಆಮ್ಯಾಲ ಕುಂತ ದಿನ ಯಾರರ ಒಂದು ಕಾಯಿ ಬಿಟ್ರ, ಅವತ್ತೇ ಆ ಬೋರ್ಡ್ ಒಲಿಗಿ ಹಾಕ್ತೀನಿ. ಅವರಿಬ್ಬರಿಗೂ ನೀವೇ ಹೇಳ್ರಿ. ಹಾಳು ಮಾಡಿದವರು ನೀವು, ರಿಪೇರಿ ನೀವೇ ಮಾಡ್ರಿ.”

“ಆತು,” ಎಂದರು ಮಾಸ್ತರರು.

ಆ ಎರಡು ತಿಂಗಳು ನಾನು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಮಗನನ್ನು ಗಲ್ಲಾಪೆಟ್ಟಿಗೆಯ ಮುಂದೆ ಕೂರಿಸಿ ಒಬ್ಬನೇ ಆ ಕೋಣೆಯಲ್ಲಿರುತ್ತಿದ್ದೆ. ಮೊದಲ ದಿನವೇ ಅಂಟುವಾಳ, ಜರಡಿ, ಕೊಬ್ಬರಿ ಎಣ್ಣೆ ಎಲ್ಲವನ್ನೂ ಮನೆಗೆ ಕಳಿಸಿದೆ. ಫೋನಿನಲ್ಲಿ ಹದಿನೈದು ನಿಮಿಷಕ್ಕೆ ಅಲಾರಂ ಇಟ್ಟೆ. ಬಿಸಿಲು, ಗೋಲಿ, ಮಲ್‌ಮಲ್, ಪೌಡರು, ಕಾಯಿ, ಸಾಬೂನು. ಅಷ್ಟೇ. ಅಲಾರಂ ಕೂಗಿದ ಕೂಡಲೇ ಹೊಡೆಯಬೇಕು. ಕೈ ನಡುಗಲಿ, ಬಿಡಲಿ. ಮೊದಲ ವಾರ ಕಾಯಿಗಳು ಎಲ್ಲಿಗೆ ಹೋದವೆಂದು ಹೇಳಲಾರೆ. ಒಮ್ಮೆ ಸ್ಟ್ರೈಕರ್ ಹಾರಿ ಶರ್ಟ್ ಬಟ್ಟೆಯ ಥಾನುಗಳ ನಡುವೆ ಸೇರಿಕೊಂಡು, ಹುಡುಕಲು ಅರ್ಧ ಅಂಗಡಿ ಬಿಚ್ಚಬೇಕಾಯಿತು.

ಎರಡನೆಯ ವಾರ ಒಂದು ಸಂಗತಿ ತಿಳಿಯಿತು. ಒರೆಸಿದ ಕೈಯಲ್ಲಿ ನೆಮ್ಮದಿ ಬಹಳ ಹೊತ್ತು ಉಳಿಯುವುದಿಲ್ಲ, ಮೊದಲೆರಡು ಏಟಿಗೆ ಮುಗಿದುಹೋಗುತ್ತದೆ. ಅದನ್ನು ಒಂದೇ ಸಲ ರಾಶಿ ಹಾಕಿಟ್ಟುಕೊಳ್ಳಲು ಬರುವುದಿಲ್ಲ. ಏಳು ತಿಂಗಳು ನಾನು ಮಾಡಿದ್ದು ಅದನ್ನೇ. ಅದಕ್ಕೆ ಬದಲಾಗಿ ಎಡಗೈಯಲ್ಲಿ ಒಂದು ಚೂರು ಮಲ್‌ಮಲ್ ಇಟ್ಟುಕೊಂಡೆ. ಪ್ರತಿ ಏಟಿಗೂ ಮುಂಚೆ ಸ್ಟ್ರೈಕರನ್ನು ಅದರಲ್ಲಿ ಒಂದು ಸಲ, ಒಂದೇ ಸಲ, ಒರೆಸಿ, ಗೆರೆಯ ಮೇಲಿಟ್ಟು, ಕಿರುಬೆರಳನ್ನು ಹಲಗೆಗೆ ಊರಿ, ಉಸಿರು ಹೊರಗೆ ಬಿಡುತ್ತಾ ಹೊಡೆಯುವುದು. ಬೆರಳು ಇಟ್ಟು ಯೋಚಿಸುತ್ತಾ ಕೂತರೆ ನಡುಕ ಹುಡುಕಿಕೊಂಡು ಬರುತ್ತದೆ. ಒರೆಸಿದ ಚಲನೆಯಲ್ಲೇ ಹೊಡೆದರೆ ಕೆಲವು ಸಲ ಅದಕ್ಕೆ ಪುರುಸೊತ್ತು ಸಿಗುವುದಿಲ್ಲ. ಹತ್ತರಲ್ಲಿ ಎರಡು ಬೀಳುತ್ತಿದ್ದ ಕಾಯಿ ಮೂರಾದವು. ತಿಂಗಳು ಕಳೆಯುವಾಗ ನಾಲ್ಕು. ಒಂದು ದಿನ ಐದು ಬಿದ್ದು, ಮರುದಿನ ಒಂದಕ್ಕೆ ಬಂತು. ನನ್ನ ಹಳೆಯ ಕೈ ಹತ್ತಕ್ಕೆ ಎಂಟು ಹಾಕುತ್ತಿತ್ತು. ಅದು ಇನ್ನು ಬರುವುದಿಲ್ಲ. ಅದಕ್ಕಾಗಿ ಒಂದು ಮಧ್ಯಾಹ್ನ ಆ ಕೋಣೆಯಲ್ಲಿ ಅತ್ತೂ ಆಯಿತು. ಕಣ್ಣು ಒರೆಸಿಕೊಂಡು ಉಳಿದ ಆರು ಕಾಯಿಗಳನ್ನು ಹೊಡೆದು ಮುಗಿಸಿ ಅಂಗಡಿಗೆ ಹೋದೆ.

ಎರಡು ತಿಂಗಳು ತುಂಬಿದ ಶುಕ್ರವಾರ ಮೂವರೂ ಬಂದರು. ಒಳಗೆ ಬರುವಾಗ ಮೋಟಾರಿನವನು ನನ್ನ ಮುಖ ನೋಡಲಿಲ್ಲ. ಬೋರ್ಡು ಡ್ರಮ್ಮಿನ ಮೇಲೆ ಸಿದ್ಧವಾಗಿತ್ತು, ಕಾಯಿ ಜೋಡಿಸಿತ್ತು, ನನ್ನ ಕೈ ತೊಳೆದಾಗಿತ್ತು. ಯಾರೂ ಕಾಯಬೇಕಾಗಲಿಲ್ಲ.

“ಚಾಚಾ, ಮಾಫ್ ಮಾಡ್ರಿ,” ಎಂದು ಅವನು ಶುರು ಮಾಡಿದ.

“ಆಡಿ ತೋರಸು,” ಎಂದೆ.

ಆಡಿ ತೋರಿಸಿದ. ಮೊದಲ ಬೋರ್ಡಿನಲ್ಲಿ ಅವನು ಎಡೆಬಿಡದೆ ಐದು ಕಾಯಿ ಹಾಕಿದ. ನಮ್ಮ ಕಡೆ ಒಮ್ಮೆಯೂ ತಿರುಗಿ ನೋಡಲಿಲ್ಲ. ಕಂಡಕ್ಟರ್ ಟಿಕೆಟ್ ಹರಿದಷ್ಟು ಸಲೀಸಾಗಿ ರೆಡ್ಡನ್ನು ಹಾಕಿ ಅದರ ಹಿಂದೆಯೇ ಇನ್ನೊಂದನ್ನು ಕಳಿಸಿದ. ನನ್ನ ಸರದಿ ಬಂದಾಗ ಮೂವರೂ ನನ್ನ ಬೆರಳನ್ನೇ ನೋಡುತ್ತಿದ್ದರು. ನೋಡಲಿ ಎಂದುಕೊಂಡೆ. ಒರೆಸಿದೆ, ಇಟ್ಟೆ, ಉಸಿರು ಬಿಟ್ಟೆ, ಹೊಡೆದೆ. ತಪ್ಪಿತು. ಮುಂದಿನ ಸರದಿಗೆ ಒಂದು ಬಿತ್ತು. ಅದರ ಮುಂದಿನದಕ್ಕೆ ಎರಡು. ಕೈ ನಡುಗುತ್ತಲೇ ಇತ್ತು, ಆದರೆ ನಾನು ಆಡುತ್ತಿದ್ದೆ. ಇಪ್ಪತ್ತೈದಕ್ಕೆ ಮೊದಲು ಮುಟ್ಟಿದವರು ಗೆದ್ದಂತೆ. ಅವರು ಇಪ್ಪತ್ತಕ್ಕೆ ಬಂದಾಗ ನಾವು ಹನ್ನೆರಡರಲ್ಲಿದ್ದೆವು.

ಕೊನೆಯ ಬೋರ್ಡಿನಲ್ಲಿ ನಮಗೊಂದು ದಾರಿ ತೆರೆಯಿತು. ನನ್ನ ಬಲಗಡೆಯ ತೂತಿನ ಹತ್ತಿರ ಒಂದು ಬಿಳಿಕಾಯಿ ಸುಲಭವಾಗಿ ಕೂತಿತ್ತು. ದೂರದ ಮೂಲೆಯಲ್ಲಿ ರೆಡ್ಡು. ಹಳೆಯ ನಾನಾಗಿದ್ದರೆ ರೆಡ್ಡಿಗೇ ಹೋಗುತ್ತಿದ್ದೆ. ಹಳೆಯ ನಾನಲ್ಲ ಎಂದು ಗೊತ್ತಿದ್ದೂ ಆಸೆ ಬಿಡಲಿಲ್ಲ. ಒರೆಸಿದೆ, ಇಟ್ಟೆ, ರೆಡ್ಡಿಗೆ ಹೊಡೆದೆ. ಸ್ಟ್ರೈಕರ್ ರೆಡ್ಡನ್ನು ಸವರಿಕೊಂಡು ಹೋಗಿ ತಾನೇ ತೂತಿಗೆ ಬಿತ್ತು. ಮೋಟಾರಿನವನು ಒಂದು ಕ್ಷಣವೂ ತಡೆಯದೆ ರೆಡ್ಡನ್ನೂ ತನ್ನ ಉಳಿದ ಎರಡು ಕಾಯಿಗಳನ್ನೂ ಹಾಕಿ ಗೇಮ್ ಮುಗಿಸಿದ. ಅವನು ಕ್ಷಮೆ ಕೇಳಲಿಲ್ಲ. ಮೀಸೆಯಡಿ ಸಣ್ಣಗೆ ನಕ್ಕ.

ಆಮೇಲೆ ಎದುರು ಕುಳಿತ ಮಾಸ್ತರರು ಅಂಗೈಯಿಂದ ಬೋರ್ಡಿನ ಅಂಚನ್ನು ಬಡಿದರು.

“ರೆಡ್ ಯಾರ್ ಹೊಡಿ ಅಂದಿದ್ರಲೇ ನಿನಗ? ಮಗ್ಗಲದಾಗ ಬಿಳಿ ಕುಂತಿತ್ತು, ಕಣ್ಣು ಮುಚ್ಚಿ ಹೊಡದ್ರೂ ಬೀಳ್ತಿತ್ತು. ದೇವದುರ್ಗದಿಂದ ಇಲ್ಲಿ ಮಟ ಬಸ್ಸಿನಾಗ ನಿಂತು ಬಂದೀನಿ ನಾ, ಈ ಚಂದ ನೋಡಾಕ. ಕೈ ನಡುಗಿದ್ರ ನಡುಗಲಿ, ತಲಿಗಿ ಏನಾಗ್ಯಾದ ನಿನಗ?”

ಕಂಡಕ್ಟರ್ ಗಾಬರಿಯಾಗಿ ಅವರ ತೋಳು ಹಿಡಿದ. ನಾನು ಮಾಸ್ತರರ ಕೆಂಪಾದ ಮುಖವನ್ನೇ ನೋಡುತ್ತಾ ಕೂತೆ. ಒಂಬತ್ತು ತಿಂಗಳಲ್ಲಿ ನನ್ನನ್ನು ಯಾರಾದರೂ ಬೈದದ್ದು ಅದೇ ಮೊದಲು. ಹೆಂಡತಿ ಬೈದಿರಲಿಲ್ಲ, ಮಗ ಎದುರಾಡಿರಲಿಲ್ಲ, ಸೊಸೆ ಸದ್ದು ಮಾಡಿ ಪಾತ್ರೆ ಇಟ್ಟಿರಲಿಲ್ಲ. ಎಲ್ಲರೂ ನನ್ನ ಸುತ್ತ ತುದಿಗಾಲಲ್ಲಿ ನಡೆದಿದ್ದರು. ಮಾಸ್ತರರು ಇನ್ನೂ ಬೈಯುತ್ತಿದ್ದರು, ನಾನು ಆಡಿದ ಒಂದೊಂದು ತಪ್ಪನ್ನೂ ಎತ್ತಿ ಎತ್ತಿ. ಬೇರೆಯವನಿಗೆ ಬೈಯುವಂತೆಯೇ, ಒಂದಿಷ್ಟೂ ಕಡಿಮೆ ಮಾಡದೆ.

ಗಡಿಯಾರದಲ್ಲಿ ನಾಲ್ಕು ಗಂಟೆ. ಕಾಯಿಗಳನ್ನು ನಡುವೆ ಎಳೆದುಕೊಂಡೆ.

“ತಪ್ಪು ನಂದೇ ಅದರಿ,” ಎಂದೆ. “ಇನ್ನೊಂದು ಗೇಮ್ ಆಡಾಕ ಹೊತ್ತದ. ಕುಂಡ್ರಿ.”